ಹತ್ತುವಾಗ ಉಸಿರು, ಇಳಿಯುವಾಗ ತೊಡೆ

(ತುಮಕೂರಿನಲ್ಲಿ ಓಟದ ಗೆಳೆಯರ ಮುಂದೆ ಒಂದು ಭಾನುವಾರ ಆಡಿದ ಮಾತುಗಳ ಬರಹ ರೂಪ. ಕೇಳಿದವರ ಪ್ರಶ್ನೆಗಳನ್ನು ಬಂದ ಬಂದ ಜಾಗದಲ್ಲೇ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನನಗೆ ಕೊಟ್ಟಿರುವ ವಿಷಯ 'ಗುಡ್ಡದ ಮ್ಯಾರಥಾನ್ ಓಡುವುದು ಹೇಗೆ' ಅಂತ. ನಮ್ಮ ದೇವರಾಯನದುರ್ಗ ಹತ್ತುವುದು ಹೇಗೆ ಅಂತ ಹೇಳಿಕೊಡುತ್ತಾರೆ ಅಂದುಕೊಂಡು ಬಹಳ ಜನ ಬಂದಿದ್ದೀರಿ. ನಾನು ಜಾಸ್ತಿ ಹೊತ್ತು ಮಾತಾಡುವುದು ಇಳಿಯುವುದರ ಬಗ್ಗೆ. ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರಾಗಿ ಮಕ್ಕಳನ್ನು ಓಡಿಸಿದವನು ನಾನು, ಆಮೇಲೆ ನಾನೇ ಓಡಲು ಶುರು ಮಾಡಿದೆ. ಎರಡು ಕಡೆಯಿಂದಲೂ ನೋಡಿದ್ದು ಒಂದೇ: ಗುಡ್ಡದ ಓಟದಲ್ಲಿ ಜನ ಕೈಚೆಲ್ಲುವುದು ಏರಿನಲ್ಲಿ ಅಲ್ಲ, ಇಳಿದ ಮೇಲೆ.

ಮೊದಲು ನಮ್ಮ ಗುಡ್ಡದ ಲೆಕ್ಕ ನೋಡೋಣ. ತುಮಕೂರು ಸಮುದ್ರ ಮಟ್ಟದಿಂದ ಸುಮಾರು 820 ಮೀಟರ್ ಎತ್ತರದಲ್ಲಿದೆ. ದೇವರಾಯನದುರ್ಗದ ನೆತ್ತಿ ಸುಮಾರು 1,200 ಮೀಟರ್. ಊರಿಂದ ಅಲ್ಲಿಗೆ ಸುಮಾರು 15 ಕಿಲೋಮೀಟರ್. ಹದಿನೈದು ಕಿಲೋಮೀಟರಿಗೆ ಹಂಚಿದರೆ ಇದೇನು ಮಹಾ ಅನಿಸುತ್ತದೆ. ಆದರೆ ರಸ್ತೆ ಹಾಗೆ ಸಮನಾಗಿ ಏರುವುದಿಲ್ಲ. ನಾಮದ ಚಿಲುಮೆಯ ಕಡೆಗೆ ಹೋಗುವಾಗ ಸಣ್ಣಪುಟ್ಟ ಏರಿಳಿತ ಅಷ್ಟೇ. ಕಾಡಿನೊಳಗೆ ತಿರುವುಗಳು ಶುರುವಾದ ಮೇಲೆ ಅಸಲಿ ಏರು. ಕೆಳಗಿನ ಭೋಗ ನರಸಿಂಹನ ಗುಡಿ ದಾಟಿ ಮೇಲಿನ ಯೋಗ ನರಸಿಂಹನ ಕಡೆಗೆ ತಿರುಗಿದರೆ ಕಾರೇ ಗೇರ್ ಬದಲಾಯಿಸುತ್ತದೆ. ಎತ್ತರವೆಲ್ಲ ಕೊನೆಯಲ್ಲಿ ಗುಡ್ಡೆ ಹಾಕಿಕೊಂಡು ಕೂತಿದೆ. ಹಾಗಾಗಿ ವಾಪಸ್ ಬರುವಾಗ ಇಳಿಜಾರೂ ಒಂದೇ ಕಡೆ ಸಿಗುತ್ತದೆ, ಕಡಿದಾಗಿ.

ಹತ್ತಿದ್ದಕ್ಕೆ ಖರ್ಚಾದ ಶಕ್ತಿ ಇಳಿಯುವಾಗ ವಾಪಸ್ ಸಿಗುತ್ತದೆ ಅಂತ ಒಂದು ನಂಬಿಕೆ ಇದೆ. ಪೂರ್ತಿ ಸಿಗುವುದಿಲ್ಲ. ಇಟಲಿಯ ಮಿನೆಟ್ಟಿ ಮತ್ತು ಸಂಗಡಿಗರು 2002ರಲ್ಲಿ ಗುಡ್ಡದ ಓಟಗಾರರನ್ನು ಟ್ರೆಡ್‌ಮಿಲ್ ಮೇಲೆ ಬೇರೆ ಬೇರೆ ಏರು, ಇಳಿಜಾರಿನಲ್ಲಿ ಓಡಿಸಿ ಅಳೆದರು. ನೂರು ಅಡಿಗೆ ಹತ್ತು ಅಡಿ ಏರಿದರೆ, ಸಮತಟ್ಟಿಗಿಂತ ಒಂದೂವರೆ ಪಟ್ಟಿಗೂ ಜಾಸ್ತಿ ಶಕ್ತಿ ಬೇಕು. ಅಷ್ಟೇ ಇಳಿಜಾರಿನಲ್ಲಿ ಉಳಿತಾಯವಾಗುವ ಶಕ್ತಿ, ಏರಿನಲ್ಲಿ ಜಾಸ್ತಿ ಖರ್ಚಾದದ್ದಕ್ಕಿಂತ ಕಡಿಮೆ. ಏರಿಗೆ ಕೊಟ್ಟ ಸಾಲ ಪೂರ್ತಿ ವಸೂಲಾಗುವುದಿಲ್ಲ ಅಂತಾಯಿತು. ಇದು ಉಸಿರಿನ ಲೆಕ್ಕ. ಇದಾದರೂ ಪರವಾಗಿಲ್ಲ, ಬಾಳೆಹಣ್ಣು ತಿಂದು ಸರಿ ಮಾಡಿಕೊಳ್ಳಬಹುದು. ತೊಡೆಯ ಲೆಕ್ಕ ಬೇರೆ.

ಹತ್ತುವಾಗ ತೊಡೆಯ ಮುಂದಿನ ಸ್ನಾಯು ಕುಗ್ಗುತ್ತಾ ಕೆಲಸ ಮಾಡುತ್ತದೆ. ಇಳಿಯುವಾಗ ಅದೇ ಸ್ನಾಯು ಹಿಗ್ಗುತ್ತಾ, ಹಿಗ್ಗುವಾಗಲೇ ಮೈಭಾರವನ್ನು ತಡೆಯಬೇಕು. ಲಾರಿ ಘಾಟಿ ಇಳಿಯುವಾಗ ಬ್ರೇಕ್ ಕಾಯುತ್ತದಲ್ಲ, ಆ ಪಾಡು ನಿಮ್ಮ ತೊಡೆಯದು. ಸ್ನಾಯುವಿನ ಎಳೆಗಳಲ್ಲಿ ಸಣ್ಣ ಸಣ್ಣ ಗಾಯ ಆಗುತ್ತವೆ. ಆ ಹೊತ್ತಿಗೆ ನೋವು ಗೊತ್ತಾಗುವುದಿಲ್ಲ, ಮಜವಾಗಿಯೇ ಇರುತ್ತದೆ. ಗಾಳಿ ಮುಖಕ್ಕೆ ಬಡಿಯುತ್ತಿರುತ್ತದೆ, ವಾಚಿನಲ್ಲಿ ವೇಗ ಚೆನ್ನಾಗಿ ಕಾಣುತ್ತಿರುತ್ತದೆ. ಮಾರನೇ ದಿನ, ಅದರ ಮಾರನೇ ದಿನ ಮನೆಯ ಮೆಟ್ಟಿಲು ಇಳಿಯಲು ಗೋಡೆ ಹಿಡಿಯಬೇಕು. ಹತ್ತುವುದಕ್ಕೆ ಬರುತ್ತದೆ, ಇಳಿಯುವುದಕ್ಕೆ ಆಗುವುದಿಲ್ಲ. ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಅಳೆದಾಗ, 9 ಡಿಗ್ರಿ ಇಳಿಜಾರಿನಲ್ಲಿ ಪಾದ ನೆಲಕ್ಕೆ ಬಡಿಯುವ ಹೊಡೆತ ಸಮತಟ್ಟಿಗಿಂತ ಶೇಕಡಾ 54ರಷ್ಟು ಜಾಸ್ತಿ ಇತ್ತು.

ಓಟದ ದಿನ ಇದು ಹೇಗೆ ಕಾಟ ಕೊಡುತ್ತದೆ ಅಂತ ನೋಡಬೇಕಾದರೆ ಬಾಸ್ಟನ್‌ಗೆ ಹೋಗಬೇಕು. ಅಲ್ಲಿನ ಮ್ಯಾರಥಾನ್ 1897ರಿಂದ ನಡೆಯುತ್ತಿದೆ. ಅದರಲ್ಲಿ 'ಹಾರ್ಟ್‌ಬ್ರೇಕ್ ಹಿಲ್' ಅಂತ ಒಂದು ದಿಣ್ಣೆ ಇದೆ, ಲೋಕಪ್ರಸಿದ್ಧ. 1936ರಲ್ಲಿ ಜಾನಿ ಕೆಲ್ಲಿ ಅನ್ನುವ ಓಟಗಾರ ಮುಂದಿದ್ದ ಟಾರ್ಜನ್ ಬ್ರೌನ್‌ನನ್ನು ಅಲ್ಲಿನ ಏರುಗಳಲ್ಲಿ ಹಿಡಿದು, ಪಕ್ಕದಲ್ಲಿ ಹೋಗುವಾಗ ಅವನ ಬೆನ್ನು ತಟ್ಟಿದ. ಬ್ರೌನ್‌ಗೆ ರೇಗಿತು. ನುಗ್ಗಿ ಓಡಿ ಗೆದ್ದ. ಕೆಲ್ಲಿ ಐದನೆಯವನಾದ. ಅವನ ಎದೆ ಒಡೆದ ದಿಣ್ಣೆ ಅಂತ ಪತ್ರಿಕೆಯವರು ಬರೆದರು, ಹೆಸರು ನಿಂತಿತು. ಈಗ ಕೇಳಿ. ಆ ದಿಣ್ಣೆಯ ಎತ್ತರ ಬರೀ 27 ಮೀಟರ್! ನಮ್ಮ ಸಿದ್ದಗಂಗೆ ಬೆಟ್ಟದ ಮೆಟ್ಟಿಲು ಹತ್ತುವವರು ನಗುತ್ತಾರೆ. ಮತ್ತೆ ಯಾಕೆ ಅಷ್ಟು ಜನ ಅಲ್ಲಿ ಕುಸಿಯುತ್ತಾರೆ? ಒಂದು, 42 ಕಿಲೋಮೀಟರಿನ ಓಟದಲ್ಲಿ ಅದು ಬರುವುದು 32 ಕಿಲೋಮೀಟರ್ ದಾಟಿದ ಮೇಲೆ. ಇನ್ನೊಂದು, ಅದಕ್ಕಿಂತ ಮುಂಚೆ ದಾರಿ ಹೆಚ್ಚಾಗಿ ಇಳಿಯುತ್ತಲೇ ಬಂದಿರುತ್ತದೆ. ಬಾಸ್ಟನ್ ಓಟ ಶುರುವಾಗುವ ಜಾಗಕ್ಕಿಂತ ಮುಗಿಯುವ ಜಾಗ ಸುಮಾರು 140 ಮೀಟರ್ ಕೆಳಗಿದೆ. ತೊಡೆ ಮೊದಲೇ ಸತ್ತಿರುತ್ತದೆ, ಬೈಗುಳ ಮಾತ್ರ ಆ ಪಾಪದ ದಿಣ್ಣೆಗೆ.

ಅವರ 140 ಮೀಟರ್ ಇಳಿತಕ್ಕೆ ಅಷ್ಟಾದರೆ, ನಮ್ಮ ದುರ್ಗದಿಂದ ಊರಿಗೆ ಇಳಿಯುವುದು ಅದರ ಎರಡು ಪಟ್ಟಿಗೂ ಮೇಲೆ.

ಆದರೆ ನಮಗೆ ಒಂದು ಅನುಕೂಲ ಇದೆ, ಅದನ್ನು ನಾವು ಬಳಸಿಕೊಳ್ಳುತ್ತಿಲ್ಲ. ಇಳಿಜಾರಿನಲ್ಲಿ ಒಮ್ಮೆ ನೋವು ತಿಂದ ತೊಡೆ ಮುಂದಿನ ಸಲ ಅಷ್ಟು ನೋಯುವುದಿಲ್ಲ. ಒಂದು ಸಲದ ಅಭ್ಯಾಸದ ರಕ್ಷಣೆ ಕೆಲವು ವಾರ ಉಳಿಯುತ್ತದೆ. ಸಮತಟ್ಟಾದ ದೊಡ್ಡ ಊರಿನವರಿಗೆ ಇದಕ್ಕೆ ಗುಡ್ಡ ಹುಡುಕಿಕೊಂಡು ಹೋಗಬೇಕು. ನಮಗೆ ಮನೆಯಿಂದ ಅರ್ಧ ಗಂಟೆಯ ದಾರಿ. ಆದರೂ ನಾವು ಮಾಡುವುದೇನು? ದುರ್ಗಕ್ಕೆ ಓಡಿ ಹತ್ತುತ್ತೇವೆ, ಮೇಲೆ ಫೋಟೋ ತೆಗೆಸಿಕೊಳ್ಳುತ್ತೇವೆ, ಗೆಳೆಯನ ಬೈಕ್ ಹತ್ತಿ ಕೆಳಗೆ ಬರುತ್ತೇವೆ. ತಲೆಕೆಳಗಾಗಿದೆ ಇದು. ಎರಡು ಮೂರು ವಾರಕ್ಕೆ ಒಮ್ಮೆ ಬೈಕಿನಲ್ಲಿ ಮೇಲೆ ಹೋಗಿ, ಓಡಿಕೊಂಡು ಕೆಳಗೆ ಬನ್ನಿ. ಮೊದಲ ಸಲ ಬರೀ ಎರಡು ಮೂರು ಕಿಲೋಮೀಟರ್ ಸಾಕು, ನಿಧಾನಕ್ಕೆ. ಆಮೇಲೆ ಬೆಳೆಸಿ. ಓಟದ ದಿನಕ್ಕೆ ಎರಡು ವಾರ ಇರುವಾಗ ನಿಲ್ಲಿಸಿಬಿಡಿ, ಗಾಯ ಮಾಯಲು ಸಮಯ ಬೇಕು.

"ಸಾರ್, ವಾರದ ಮಧ್ಯೆ ದುರ್ಗಕ್ಕೆ ಹೋಗಲು ಆಗುವುದಿಲ್ಲ, ಕೆಲಸ ಇರುತ್ತದೆ" ಅಂತ ಒಬ್ಬರು ಕೇಳಿದರು. ಸರಿ, ಮನೆಯಲ್ಲೇ ಮಾಡಿ. ಜಗಲಿ ಇದ್ದರೆ ಜಗಲಿ, ಇಲ್ಲದಿದ್ದರೆ ಮೆಟ್ಟಿಲು. ಅಂಚಿನಲ್ಲಿ ಒಂದು ಕಾಲಲ್ಲಿ ನಿಂತು, ಇನ್ನೊಂದು ಕಾಲನ್ನು ನೆಲದ ಕಡೆಗೆ ಬಿಡಿ. ಮನಸ್ಸಿನಲ್ಲೇ ಒಂದು, ಎರಡು, ಮೂರು ಎಣಿಸುತ್ತಾ ಮೆಲ್ಲಗೆ. ಹಿಮ್ಮಡಿ ನೆಲಕ್ಕೆ ಸೋಕಿದ ಕೂಡಲೇ ವಾಪಸ್. ಮೇಲೆ ನಿಂತ ಕಾಲಿನ ಮಂಡಿ ಒಳಗಡೆಗೆ ವಾಲಬಾರದು, ಕಾಲ್ಬೆರಳ ನೇರಕ್ಕೆ ಇರಬೇಕು. ಹತ್ತು ಸಲ ಮಾಡಿದರೆ ತೊಡೆ ನಡುಗುತ್ತದೆ, ಗೊತ್ತಾಗುತ್ತದೆ. ಇನ್ನೊಂದು, ನಮ್ಮ ಗರಡಿಮನೆಯ ಬಸ್ಕಿ. ಗರಡಿಯಲ್ಲಿ ಬಸ್ಕಿಯನ್ನು ಸರಸರ ಹೊಡೆಯುತ್ತಾರೆ. ನೀವು ಕೂರುವಾಗ ನಿಧಾನ, ಏಳುವಾಗ ಬೇಗ ಮಾಡಿ. ಅದಕ್ಕೆ ಜಿಮ್ಮಿನ ಫೀಸು ಬೇಡ.

ಈಗ ಓಟದ ದಿನಕ್ಕೆ ಬರೋಣ. ಹತ್ತುವಾಗ ವಾಚ್ ನೋಡಬೇಡಿ. ಬೆಂಗಳೂರಿನ ಸಮತಟ್ಟಿನಲ್ಲಿ ಬಂದ ಟೈಮನ್ನು ಇಲ್ಲಿ ತಂದು ಅಳೆಯಬೇಡಿ. ಪಕ್ಕದವರ ಜೊತೆ ಒಂದು ಪೂರ್ತಿ ವಾಕ್ಯ ಮಾತಾಡಲು ಬರುತ್ತಿದೆಯಾ? ಹಾಗಾದರೆ ವೇಗ ಸರಿ ಇದೆ. ಎರಡು ಪದಕ್ಕೆ ಉಸಿರು ಸಿಕ್ಕಿಹಾಕಿಕೊಂಡರೆ ನಡೆಯಿರಿ. ನಡೆದರೆ ಮಾನ ಹೋಗುವುದಿಲ್ಲ. ಕಡಿದಾದ ಏರಿನಲ್ಲಿ ಜೋರಾಗಿ ನಡೆಯುವವನಿಗೂ ಏದುಸಿರು ಬಿಡುತ್ತಾ ಓಡುವವನಿಗೂ ವೇಗದಲ್ಲಿ ಅಂಥ ವ್ಯತ್ಯಾಸವೇನೂ ಇರುವುದಿಲ್ಲ.

ಹೇಗೆ ಹತ್ತಬೇಕು ಅಂತ ನೋಡಬೇಕಾದರೆ ದುರ್ಗದ ತೇರಿನ ದಿನ ಯೋಗ ನರಸಿಂಹನ ಮೆಟ್ಟಿಲ ಹತ್ತಿರ ನಿಂತುಕೊಳ್ಳಿ. ಎಪ್ಪತ್ತು ದಾಟಿದ ಅಜ್ಜಿಯರು ಬರಿಗಾಲಲ್ಲಿ ಹತ್ತುತ್ತಿರುತ್ತಾರೆ. ಕೈಯಲ್ಲಿ ಹಣ್ಣುಕಾಯಿ ಚೀಲ. ಹೆಜ್ಜೆ ಚಿಕ್ಕದು. ನೆಟ್ಟಗೆ ಹತ್ತುವುದಿಲ್ಲ, ಮೆಟ್ಟಿಲ ಈ ತುದಿಯಿಂದ ಆ ತುದಿಗೆ ಓರೆಯಾಗಿ ಹೋಗುತ್ತಾರೆ. ಪ್ರತಿ ಹೆಜ್ಜೆಗೂ ಒಂದು ಕೈಯಿಂದ ಮಂಡಿಯ ಮೇಲೆ ತೊಡೆಯನ್ನು ಒತ್ತುತ್ತಾರೆ. ತಲೆ ಎತ್ತಿ ಇನ್ನೂ ಎಷ್ಟಿದೆ ಅಂತ ನೋಡುವುದೇ ಇಲ್ಲ. ಹುಡುಗರು ಎರಡೆರಡು ಮೆಟ್ಟಿಲು ಹಾರಿ ಹೋಗಿ ಅರ್ಧದಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತಿರುತ್ತಾರೆ, ಅಜ್ಜಿ ಅವರನ್ನು ದಾಟಿ ಹೋಗುತ್ತಾರೆ. ಆಲ್ಪ್ಸ್ ಪರ್ವತದ ಓಟಗಾರರಿಗೆ ಕೋಚ್‌ಗಳು ಹೇಳಿಕೊಡುವುದೂ ಇದನ್ನೇ, ಕೈಯಿಂದ ತೊಡೆ ಒತ್ತಿ, ಹೆಜ್ಜೆ ಚಿಕ್ಕದು ಮಾಡಿ ಅಂತ. ಅಜ್ಜಿಗೆ ಯಾರೂ ಹೇಳಿಕೊಟ್ಟಿಲ್ಲ.

ಇಳಿಯುವಾಗ ಮೈಯನ್ನು ಹಿಂದಕ್ಕೆ ವಾಲಿಸಬೇಡಿ. ಹೆದರಿಕೆಗೆ ಎಲ್ಲರೂ ಮಾಡುವುದು ಅದನ್ನೇ. ಹಿಂದಕ್ಕೆ ವಾಲಿದರೆ ಪಾದ ಮೈಯ ಮುಂದೆ ಹೋಗಿ ಬೀಳುತ್ತದೆ, ಹಿಮ್ಮಡಿಯಿಂದ ಮಂಡಿಗೆ ಸೀದಾ ಏಟು. ಹೆಜ್ಜೆ ಚಿಕ್ಕದಿರಲಿ, ಬೇಗ ಬೇಗ ಬೀಳಲಿ, ಪಾದ ಸೊಂಟದ ಕೆಳಗೇ ಬೀಳಲಿ. ಮಂಡಿ ಯಾವಾಗಲೂ ಸ್ವಲ್ಪ ಮಡಿಸಿರಲಿ. ಕೈಗಳನ್ನು ಸ್ವಲ್ಪ ಅಗಲಿಸಿ, ನೋಡಲು ಚೆಂದ ಕಾಣದಿದ್ದರೂ ಪರವಾಗಿಲ್ಲ. ಕಣ್ಣು ಪಾದದ ಮೇಲಲ್ಲ, ಹತ್ತು ಹದಿನೈದು ಅಡಿ ಮುಂದೆ. ತಿರುವುಗಳಲ್ಲಿ ಜಲ್ಲಿ ಇರುತ್ತದೆ, ಅಲ್ಲಿ ಶೂರತನ ತೋರಿಸಬೇಡಿ.

ಶೂ ಬಗ್ಗೆ ಎರಡು ಮಾತು. ಇಳಿಯುವಾಗ ಪಾದ ಶೂನೊಳಗೆ ಮುಂದಕ್ಕೆ ಜಾರುತ್ತದೆ, ಹೆಬ್ಬೆರಳಿನ ಉಗುರು ಕಪ್ಪಾಗುತ್ತದೆ. ಓಟಕ್ಕೆ ಒಂದು ವಾರ ಮುಂಚೆ ಉಗುರು ಕತ್ತರಿಸಿ. ಲೇಸ್ ಕಟ್ಟುವುದರಲ್ಲೂ ಒಂದು ಉಪಾಯ ಇದೆ. ನಿಮ್ಮ ಶೂ ನೋಡಿಕೊಳ್ಳಿ, ಮೇಲ್ಗಡೆ ತುದಿಯಲ್ಲಿ ಯಾರೂ ಬಳಸದ ಇನ್ನೊಂದು ತೂತು ಇರುತ್ತದೆ. ಲೇಸನ್ನು ಅದೇ ಬದಿಯ ಆ ತೂತಿಗೆ ಹೊರಗಿನಿಂದ ಒಳಗೆ ಹಾಕಿ, ಪೂರ್ತಿ ಎಳೆಯಬೇಡಿ, ಒಂದು ಸಣ್ಣ ಕುಣಿಕೆ ಉಳಿಸಿ. ಇನ್ನೊಂದು ಬದಿಗೂ ಹಾಗೇ. ಈಗ ಎಡಗಡೆಯ ತುದಿಯನ್ನು ಬಲಗಡೆಯ ಕುಣಿಕೆಗೆ, ಬಲಗಡೆಯದನ್ನು ಎಡಗಡೆಯ ಕುಣಿಕೆಗೆ ತೂರಿಸಿ ಎಳೆದು ಕಟ್ಟಿ. ಹಿಮ್ಮಡಿ ಹಿಂದೆ ಗಟ್ಟಿಯಾಗಿ ಕೂರುತ್ತದೆ, ಬೆರಳಿಗೆ ಮುಂದೆ ಜಾಗ ಉಳಿಯುತ್ತದೆ. (ಇಲ್ಲಿ ಐದಾರು ಜನ ಕೂತಲ್ಲೇ ಬಗ್ಗಿ ಶೂ ಬಿಚ್ಚಿ ಕಟ್ಟಿ ನೋಡಿದರು. ಮಾತು ಸ್ವಲ್ಪ ಹೊತ್ತು ನಿಂತಿತು.)

ಊಟದ ಪ್ರಶ್ನೆ ಬಂದೇ ಬರುತ್ತದೆ, ಬಂತು. "ಹಿಂದಿನ ರಾತ್ರಿ ಮುದ್ದೆ ತಿನ್ನಬಹುದಾ?" ದಿನಾ ಮುದ್ದೆ ತಿನ್ನುವವರು ತಿನ್ನಿ, ಸ್ವಲ್ಪ ಕಡಿಮೆ. ಅವತ್ತು ಒಂದು ದಿನ ಯಾರೋ ಹೇಳಿದರು ಅಂತ ಪಾಸ್ತಾ ತಿಂದು ಹೊಟ್ಟೆ ಕೆಡಿಸಿಕೊಳ್ಳಬೇಡಿ. ಆದರೆ ಅವರೆಕಾಳು ಸಾರು ಬೇಡ. ನಮ್ಮ ಕಡೆ ಓಟಕ್ಕೆ ಹದವಾದ ಚಳಿ ಇರುವುದು ಡಿಸೆಂಬರ್, ಜನವರಿ. ಸೊಗಡು ಅವರೆ ಬರುವುದೂ ಆಗಲೇ. ಕಷ್ಟ ನನಗೂ ಗೊತ್ತು. ಅನ್ನ, ತಿಳಿಸಾರು ತಿಂದು ಮಲಗಿ, ಅವರೆಕಾಳು ಎಲ್ಲೂ ಓಡಿಹೋಗುವುದಿಲ್ಲ.

ಮೈಯಲ್ಲಿ ಕೂಡಿಟ್ಟ ಸಕ್ಕರೆಯಿಂದ ಸಿಗುವುದು ಹೆಚ್ಚು ಕಡಿಮೆ 2,000 ಕ್ಯಾಲೊರಿ. ಅರವತ್ತು ಕೆಜಿ ತೂಕದವರಿಗೆ ಒಂದು ಕಿಲೋಮೀಟರಿಗೆ ಸುಮಾರು 60 ಕ್ಯಾಲೊರಿ ಬೇಕು, 42 ಕಿಲೋಮೀಟರಿಗೆ ಸುಮಾರು 2,500. ಗುಡ್ಡ ಇದ್ದರೆ ಇನ್ನೂ ಜಾಸ್ತಿ. ಮೂವತ್ತನೇ ಕಿಲೋಮೀಟರಿನ ಆಸುಪಾಸಿನಲ್ಲಿ ಕಾಲು ಹೂತುಹೋದ ಹಾಗಾಗುವುದು ಇದಕ್ಕೇ. ಹಾಗಾಗಿ ಗಂಟೆಗೆ 30ರಿಂದ 60 ಗ್ರಾಂ ಸಕ್ಕರೆ ಪದಾರ್ಥ ಒಳಗೆ ಹೋಗಬೇಕು. ಒಂದು ಬಾಳೆಹಣ್ಣಿನಲ್ಲಿ ಸುಮಾರು 25 ಗ್ರಾಂ. ಅಂಗಡಿಯ ಜೆಲ್ ಬೇಕೇ ಬೇಕು ಅಂತಿಲ್ಲ. ರಾಮನವಮಿಯ ಪಾನಕ ಇದೆಯಲ್ಲ, ಲೀಟರ್ ನೀರಿಗೆ 60, 70 ಗ್ರಾಂ ಬೆಲ್ಲ, ಒಂದು ಚಿಟಿಕೆ ಉಪ್ಪು ಹಾಕಿ. ಬಾಟಲಿಯಲ್ಲಿ ಬರುವ ಸ್ಪೋರ್ಟ್ಸ್ ಡ್ರಿಂಕಿನ ಸಕ್ಕರೆ ಪ್ರಮಾಣವೂ ಅಷ್ಟೇ. ಮೆಣಸು, ಶುಂಠಿ ಕಡಿಮೆ ಹಾಕಿ, ಏರಿನಲ್ಲಿ ಎದೆ ಉರಿಯುತ್ತದೆ. ಹತ್ತುವ ಮೊದಲೇ ತಿಂದು ಕುಡಿದು ಮುಗಿಸಿ. ಕಡಿದಾದ ಏರಿನಲ್ಲಿ ಅಗಿಯಲೂ ಆಗುವುದಿಲ್ಲ, ಕುಲುಕಾಡುವ ಇಳಿಜಾರಿನಲ್ಲಿ ಹೊಟ್ಟೆ ಒಪ್ಪುವುದಿಲ್ಲ.

ನೀರು ಬಾಯಾರಿಕೆ ಆದಷ್ಟು ಕುಡಿಯಿರಿ. ಸಿಕ್ಕ ಕಡೆಯೆಲ್ಲ ಸುಮ್ನೆ ಕುಡಿಯಬೇಡಿ. 2002ರ ಬಾಸ್ಟನ್ ಮ್ಯಾರಥಾನಿನಲ್ಲಿ 488 ಓಟಗಾರರ ರಕ್ತ ಪರೀಕ್ಷೆ ಮಾಡಿದಾಗ ಶೇಕಡಾ 13 ಮಂದಿಗೆ ಸೋಡಿಯಂ ಕಡಿಮೆಯಾಗಿತ್ತು. ಓಡುವಾಗ ತೂಕ ಕಳೆದುಕೊಳ್ಳುವ ಬದಲು ಏರಿಸಿಕೊಂಡವರಲ್ಲಿ ಈ ತೊಂದರೆ ಜಾಸ್ತಿ ಇತ್ತು. ಅಂದರೆ ಅಷ್ಟು ನೀರು ಕುಡಿದಿದ್ದರು. ನಿಧಾನಕ್ಕೆ ಓಡುವವರು ಈ ವಿಷಯದಲ್ಲಿ ಹುಷಾರಾಗಿರಬೇಕು, ಅವರಿಗೆ ಕುಡಿಯಲು ಸಮಯ ಜಾಸ್ತಿ ಅಲ್ವಾ.

ಇನ್ನು ಓಟ ನಡೆಸುವವರಿಗೆ. ಇಲ್ಲೇ ಮುಂದಿನ ಸಾಲಿನಲ್ಲಿ ನಾಲ್ಕೈದು ಜನ ಕೂತಿದ್ದಾರೆ, ತುಮಕೂರಿನಲ್ಲಿ ಒಂದು ಗುಡ್ಡದ ಮ್ಯಾರಥಾನ್ ಮಾಡಬೇಕು ಅಂತ ಅವರಿಗೆ ಆಸೆ. ದುರ್ಗಕ್ಕೆ ಹೋಗಿ ಬಂದರೆ 30 ಕಿಲೋಮೀಟರ್ ಆಯಿತು. ಉಳಿದ 12 ಎಲ್ಲಿ? ಊರೊಳಗೆ, ಬಿ.ಎಚ್. ರಸ್ತೆ, ಅಮಾನಿಕೆರೆ, ಹೀಗೆ ಒಂದು ಸುತ್ತು ಹಾಕಬೇಕು. ಅದನ್ನು ಮೊದಲು ಇಡುವುದೋ ಕೊನೆಗೆ ಇಡುವುದೋ ಅನ್ನುವುದರ ಮೇಲೆ ಇಡೀ ಓಟ ನಿಂತಿದೆ. ಕೊನೆಗೆ ಇಟ್ಟರೆ ನೋಡಲು ಚೆಂದ, ಜನ ಎದ್ದಿರುತ್ತಾರೆ, ಚಪ್ಪಾಳೆ ಬೀಳುತ್ತದೆ. ಆದರೆ ದುರ್ಗ ಇಳಿದ ತೊಡೆಯಲ್ಲಿ, ಹತ್ತು ಗಂಟೆಯ ಬಿಸಿಲಿನಲ್ಲಿ, ಬಸ್ಸು ಆಟೋಗಳ ಮಧ್ಯೆ 12 ಕಿಲೋಮೀಟರ್ ಡಾಂಬರು. ಬೇಡ. ಮೊದಲೇ ಇಟ್ಟರೆ ಬೆಳಗಿನ ಐದಕ್ಕೆ ಬೀದಿ ದೀಪದ ಬೆಳಕಿನಲ್ಲಿ, ಖಾಲಿ ರಸ್ತೆಯಲ್ಲಿ ಊರಿನ ಸುತ್ತು ಮುಗಿಯುತ್ತದೆ. ಕಾಡಿನ ರಸ್ತೆಗೆ ಹೋಗುವ ಹೊತ್ತಿಗೆ ಚೆನ್ನಾಗಿ ಬೆಳಕಾಗಿರುತ್ತದೆ. ದುರ್ಗದ ಕಾಡಿನಲ್ಲಿ ಚಿರತೆ, ಕರಡಿ ಇರುವುದು ನಿಮಗೆಲ್ಲ ಗೊತ್ತು. ಕತ್ತಲಲ್ಲಿ ಅಲ್ಲಿ ಒಬ್ಬೊಬ್ಬರನ್ನೇ ಬಿಡುವ ಮಾತೇ ಇಲ್ಲ.

ಒಬ್ಬೊಬ್ಬರನ್ನೇ ಅಂತ ಯಾಕೆ ಹೇಳಿದೆ ಅಂದರೆ, ಸಣ್ಣ ಊರಿನ ಓಟದಲ್ಲಿ ಆಗುವುದೇ ಹಾಗೆ. ದೊಡ್ಡ ಊರಿನಲ್ಲಿ ಸಾವಿರಾರು ಜನ, ಮುಂದಿನವರ ಬೆನ್ನು ನೋಡುತ್ತಾ ಹೋಗಬಹುದು. ಇಲ್ಲಿ ಅರ್ಧ ದಾರಿಗೆ ಹಿಂದೆ ಮುಂದೆ ಯಾರೂ ಕಾಣುವುದಿಲ್ಲ. ಹಾಗಾಗಿ ಏರಿನ ಪ್ರತಿ ತಿರುವಿಗೆ ಒಬ್ಬ ಸ್ವಯಂಸೇವಕ ಬೇಕು. ಆಂಬುಲೆನ್ಸ್ ಸ್ಟೇಡಿಯಂ ಗೇಟಿನಲ್ಲಿ ನಿಂತರೆ ಫೋಟೋಗೆ ಆಯಿತು, ಕೆಲಸಕ್ಕೆ ಆಗುವುದಿಲ್ಲ. ಒಂದು ಗುಡ್ಡದ ಮೇಲೆ, ಒಂದು ಬುಡದಲ್ಲಿ ಇರಬೇಕು, ಯಾಕೆಂದರೆ ಭಾನುವಾರ ಆ ಕಿರಿದಾದ ರಸ್ತೆಯಲ್ಲಿ ಪ್ರವಾಸಿಗಳ ಕಾರುಗಳು ಸಾಲುಗಟ್ಟುತ್ತವೆ. ಅರಣ್ಯ ಇಲಾಖೆಯ ಅನುಮತಿ ಮೊದಲು, ಬ್ಯಾನರ್ ಆಮೇಲೆ. ಕಾಗದದ ಲೋಟ, ಪ್ಲಾಸ್ಟಿಕ್ ಬಾಟಲಿ ಕಾಡಿನೊಳಗೆ ಬೇಡ, ಪ್ರತಿಯೊಬ್ಬರೂ ತಮ್ಮ ಬಾಟಲಿ ತರಲಿ, ತುಂಬಿ ಕೊಡಿ. ಮತ್ತೆ, ಬಾಳೆಹಣ್ಣನ್ನು ಮೇಜಿನ ಮೇಲೆ ಜೋಡಿಸಿಡಬೇಡಿ. ಓಟಗಾರರಿಗಿಂತ ಮೊದಲು ಕೋತಿಗಳು ಬರುತ್ತವೆ. ಮುಚ್ಚಳ ಇರುವ ಡಬ್ಬಿಯಲ್ಲಿಟ್ಟು, ಸಿಪ್ಪೆ ಸುಲಿದು ಕೈಗೆ ಕೊಟ್ಟು, ಅಲ್ಲೇ ತಿಂದು ಹೋಗಿ ಅನ್ನಿ. ಹಣ್ಣು ಹಿಡಿದು ಓಡಿದರೆ ಅವೂ ಓಡುತ್ತವೆ.

ದೂರ ಅಳೆಯುವುದರ ಬಗ್ಗೆ ಸ್ವಲ್ಪ ಹೇಳಬೇಕು. ಕೈಯಲ್ಲಿರುವ ಜಿ.ಪಿ.ಎಸ್. ವಾಚನ್ನು ನಂಬಿ ಗೆರೆ ಹಾಕಬೇಡಿ. ಗುಡ್ಡದ ತಿರುವುಗಳಲ್ಲಿ, ಮರಗಳ ಕೆಳಗೆ ಅದು ತಪ್ಪು ಹೇಳುತ್ತದೆ. ಜಗತ್ತಿನ ಮ್ಯಾರಥಾನ್‌ಗಳನ್ನೆಲ್ಲ ಅಳೆಯುವುದು ಸೈಕಲ್‌ನಲ್ಲಿ. ಮುಂದಿನ ಚಕ್ರಕ್ಕೆ ಒಂದು ಸುತ್ತು ಎಣಿಸುವ ಯಂತ್ರ ಕಟ್ಟುತ್ತಾರೆ. ಮೊದಲು ಟೇಪಿನಲ್ಲಿ ಅಳೆದ ನೇರ ರಸ್ತೆಯಲ್ಲಿ ಓಡಿಸಿ, ಎಷ್ಟು ಎಣಿಕೆಗೆ ಒಂದು ಕಿಲೋಮೀಟರ್ ಅಂತ ತಿಳಿದುಕೊಳ್ಳುತ್ತಾರೆ. ಆಮೇಲೆ ತಿರುವುಗಳಲ್ಲಿ ಓಟಗಾರನಿಗೆ ಸಿಗುವ ಅತಿ ಹತ್ತಿರದ ದಾರಿಯಲ್ಲೇ ಸೈಕಲ್ ಹೊಡೆಯುತ್ತಾರೆ. ಕೊನೆಗೆ ದೂರ ಕಡಿಮೆ ಬೀಳಬಾರದು ಅಂತ ಸಾವಿರಕ್ಕೆ ಒಂದರಂತೆ ಸೇರಿಸುತ್ತಾರೆ, ಅಂದರೆ 42.195 ಕಿಲೋಮೀಟರಿಗೆ ಇನ್ನೊಂದು 42 ಮೀಟರ್. ಟೈರಿನ ಗಾಳಿ ಬಿಸಿಲಿಗೆ ಹಿಗ್ಗುತ್ತದೆ, ಅದಕ್ಕೇ ಅಳತೆ ಮುಗಿದ ಮೇಲೆ ಮತ್ತೊಮ್ಮೆ ಟೇಪಿನ ರಸ್ತೆಯಲ್ಲಿ ಓಡಿಸಿ ಸರಿ ನೋಡಬೇಕು.

ಕೊನೆಯ ಪ್ರಶ್ನೆ ಹಿಂದಿನ ಸಾಲಿನ ಒಬ್ಬ ಹೆಣ್ಣುಮಗಳದ್ದು. "ಮೇಷ್ಟ್ರೇ, ಮೊದಲ ವರ್ಷವೇ ಫುಲ್ ಮ್ಯಾರಥಾನ್ ಇಡಬೇಕಾ?" ಬೇಡಮ್ಮ. ಮಹಾರಾಷ್ಟ್ರದ ಸಾತಾರಾ ನಮ್ಮ ಹಾಗೇ ಗುಡ್ಡದ ಪಕ್ಕದ ಊರು. ಅವರು 2012ರಿಂದ ಘಾಟಿ ಹತ್ತಿ ಇಳಿಯುವ ಓಟ ನಡೆಸುತ್ತಿದ್ದಾರೆ, ದೇಶದ ಮೂಲೆ ಮೂಲೆಯಿಂದ ಜನ ಹೋಗುತ್ತಾರೆ. ಅದು ಹಾಫ್, 21 ಕಿಲೋಮೀಟರ್. ನಾವೂ ದುರ್ಗಕ್ಕೆ ಹತ್ತೂವರೆ ಕಿಲೋಮೀಟರ್ ಇರುವ ಜಾಗದಿಂದ ಶುರು ಮಾಡಿ, ಮೇಲೆ ಮುಟ್ಟಿ ವಾಪಸ್ ಬಂದರೆ 21 ಆಗುತ್ತದೆ. ಊರಿನ ಟ್ರಾಫಿಕ್ ತಲೆನೋವಿಲ್ಲ. ಊರಿನ ಜನ ನೋಡುವುದಿಲ್ಲ ಅನ್ನುವ ಬೇಜಾರು ಇದೆ, ನಿಜ. ಆದರೆ ಆ ಓಟ ಇಳಿದು ಬಂದವರು ಮಾರನೇ ದಿನ ಆಫೀಸಿನ ಮೆಟ್ಟಿಲು ಹೇಗೆ ಇಳಿದರು ಅಂತ ಕೇಳಿಕೊಂಡು, ಆಮೇಲೆ 42ರ ಮಾತಾಡೋಣ.

ಅಳತೆಗೆ ಸೈಕಲ್ ಇರುವವರು ಮೂರು ಜನ ಬೇಕು. ಹೋಗುವಾಗ ಬಾಗಿಲ ಹತ್ತಿರದ ಮೇಜಿನಲ್ಲಿ ಹೆಸರು ಕೊಟ್ಟು ಹೋಗಿ. ಗೇರ್ ಇದ್ದರೆ ಒಳ್ಳೆಯದು, ಬ್ರೇಕ್ ಇರಲೇಬೇಕು.